ನಮ್ಮನೆಯವರ ಐಎಸ್‌ಒ

ನಮ್ಮನೆಯವರ ಲೆಕ್ಕದಲ್ಲಿ ಫೋಟೋಗೆ ಬರುವ ಕಾಯಿಲೆಗಳಲ್ಲೆಲ್ಲ ಕೆಟ್ಟದ್ದು ರವೆ. ಬೆಳಕು ಸಾಲದ ಕಡೆ ಕ್ಯಾಮೆರಾದ ಐಎಸ್‌ಒ ಏರಿಸಿ ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಕೆನ್ನೆಯ ಮೇಲೆ, ಗದ್ದದ ಕೆಳಗಿನ ನೆರಳಿನಲ್ಲಿ, ಗಂಡಿನ ಕಪ್ಪು ಕೋಟಿನಲ್ಲಿ ಸಣ್ಣ ಸಣ್ಣ ಕಾಳು ಚೆಲ್ಲಿದಂತೆ ಕಾಣುತ್ತದೆ. ಪುಸ್ತಕದಲ್ಲಿ ಅದಕ್ಕೆ ನಾಯ್ಸ್ ಅಂತ ಹೆಸರು. ನಮ್ಮ ಸ್ಟುಡಿಯೋದೊಳಗೆ ರವೆ. ಬೇರೆಯವರು ಮಾಡಿಕೊಟ್ಟ ಮದುವೆ ಆಲ್ಬಮ್ ಯಾರಾದರೂ ತಂದು ತೋರಿಸಿದರೆ ಇವರು ಮೊದಲು ನೋಡುತ್ತಿದ್ದುದು ಹೆಣ್ಣು ಗಂಡನ್ನಲ್ಲ, ಫೋಟೋದ ಮೂಲೆಯ ಕತ್ತಲೆಯನ್ನು. "ನೋಡು, ಒಂದ್ ಮನೆ ಉಪ್ಪಿಟ್ಟಿಗೆ ಆಗೋವಷ್ಟು ಬಿದ್ದೈತೆ" ಎಂದು ಆಲ್ಬಮ್ ಮುಚ್ಚಿ ವಾಪಸ್ ಕೊಡುತ್ತಿದ್ದರು.

ಬನ್ನೂರಿನ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ನಮ್ಮ ಸ್ಟುಡಿಯೋ. ಇವರದು ಭತ್ತ, ಕಬ್ಬು ಬೆಳೆಯುವ ಮನೆತನ. ಅಣ್ಣತಮ್ಮಂದಿರೆಲ್ಲ ಗದ್ದೆಗೆ ಇಳಿದಾಗ ಇವರೊಬ್ಬರು ಕ್ಯಾಮೆರಾ ಹಿಡಿದರು. ಆಗ ರೀಲಿನ ಕಾಲ. ರೀಲು ಎಷ್ಟು ಬೆಳಕಿಗೆ ಎಷ್ಟು ಚುರುಕು ಎಂಬುದು ಅದರ ಡಬ್ಬಿಯ ಮೇಲೆಯೇ ಬರೆದಿರುತ್ತಿತ್ತು. ಬಿಸಿಲಿಗೆ ನೂರರ ರೀಲು, ಮನೆಯೊಳಗೆ ನಾನೂರರದು. ಒಂದು ಸಲ ನೂರರ ರೀಲು ಹಾಕಿದರೆ ಅದು ಮುಗಿಯುವವರೆಗೆ ನೂರೇ ಗತಿ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ಕಟ್ಟು ಇಲ್ಲ. ಅದೇ ಲೆಕ್ಕಕ್ಕೆ ಈಗ ಐಎಸ್‌ಒ ಅನ್ನುತ್ತಾರೆ, ಒಂದೊಂದು ಫೋಟೋಗೂ ಒಂದೊಂದು ಸಂಖ್ಯೆ ಇಟ್ಟುಕೊಳ್ಳಬಹುದು. ಸಂಖ್ಯೆ ಏರಿದಷ್ಟೂ ಮಬ್ಬಿನಲ್ಲೂ ಫೋಟೋ ಬೀಳುತ್ತದೆ, ಜೊತೆಗೆ ರವೆಯೂ ಬೀಳುತ್ತದೆ.

ಇವರು ಮಾಡಿದ್ದೇನೆಂದರೆ, ಮೆಮೊರಿ ಕಾರ್ಡನ್ನೂ ರೀಲಿನಂತೆಯೇ ನಡೆಸಿಕೊಂಡರು. ಹೊಸ ಕಾರ್ಡು ಹಾಕುವಾಗ ಐಎಸ್‌ಒ ಇನ್ನೂರಕ್ಕೆ ಇಡುವುದು, ಕಾರ್ಡು ತುಂಬುವವರೆಗೆ ಆ ಗುಂಡಿಯನ್ನು ಮುಟ್ಟದಿರುವುದು. ಬೆಳಕು ಸಾಲದಿದ್ದರೆ ಫ್ಲಾಶ್.

"ಒಂದೇ ಕಾರ್ಡಲ್ಲಿ ಎರಡೆರಡು ನಂಬರ್ ಓಡುಸ್ಬಾರ್ದು ಕಣೇ" ಎನ್ನುತ್ತಿದ್ದರು.

"ಯಾಕ್ರೀ ಓಡಿಸಬಾರದು?"

"ಡೆವಲಪ್ ಮಾಡೋವಾಗ ಎಡವಟ್ಟಾಯ್ತದೆ."

"ಡೆವಲಪ್ ಮಾಡೋರು ಈಗ ಎಲ್ಲಿದ್ದಾರೆ? ಕಂಪ್ಯೂಟರ್ ಮುಂದೆ ಕೂತಿರೋಳು ನಾನು."

ಆದರೂ ಕಾರ್ಡು ಇನ್ನೂರರಲ್ಲೇ ಓಡುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನನ್ನ ತವರು ನಂಜನಗೂಡು. ಮದುವೆಯಾಗಿ ಬಂದ ಮೇಲೆ ಕಂಪ್ಯೂಟರ್ ಕಲಿತು ಆಲ್ಬಮ್ ಜೋಡಿಸುವ ಕೆಲಸ ವಹಿಸಿಕೊಂಡೆ. ಮದುವೆ ಮನೆಗಳಿಗೂ ಜೊತೆಗೆ ಹೋಗುತ್ತಿದ್ದೆ. ಎಣ್ಣೆಶಾಸ್ತ್ರ, ಬಳೆಶಾಸ್ತ್ರದ ಹೊತ್ತಿಗೆ ಗಂಡಸು ಕ್ಯಾಮೆರಾ ಎತ್ತಿದರೆ ನಮ್ಮ ಕಡೆಯ ಹೆಂಗಸರು ಸೆರಗು ಸರಿಮಾಡಿಕೊಂಡು ಸಾಲಾಗಿ ಕೂತುಬಿಡುತ್ತಾರೆ. ಪಕ್ಕದಲ್ಲೊಬ್ಬಳು ಹೆಂಗಸು ನಿಂತು ಮಾತಿಗೆಳೆದರೆ ನಗುತ್ತಾರೆ, ಫೋಟೋದಲ್ಲಿ ಜೀವ ಬರುತ್ತದೆ. ಅದು ನನ್ನ ಕೆಲಸ.

ಒಮ್ಮೆ ನಂಜನಗೂಡಿನ ಒಂದು ಗುಡಿಯೊಳಗೆ ಮದುವೆ. ಪುರೋಹಿತರು ಫ್ಲಾಶ್ ಹಾಕಕೂಡದು ಅಂದುಬಿಟ್ಟರು. ಇವರು ಇನ್ನೂರು ಬಿಟ್ಟು ಏರಲಿಲ್ಲ. ಅಷ್ಟು ಕಡಿಮೆ ಬೆಳಕಿಗೆ ಕ್ಯಾಮೆರಾ ತುಂಬಾ ಹೊತ್ತು ಕಣ್ಣು ಬಿಟ್ಟುಕೊಂಡಿರಬೇಕಾಗುತ್ತದೆ, ಅಷ್ಟರಲ್ಲಿ ಎದುರಿಗಿದ್ದವರು ಅಲುಗಾಡುತ್ತಾರೆ. ತಾಳಿ ಕಟ್ಟುವ ಕೈ ಬೀಸಣಿಗೆಯ ಹಾಗೆ ಬಂದಿತ್ತು. "ರವೆ ಬಿದ್ದರೆ ಮುಖವಾದರೂ ಗೊತ್ತಾಗುತ್ತೆ. ಹಿಂಗೆ ತೆಗೆದರೆ ಯಾರ ಮದುವೆ ಅಂತಾನೇ ಗೊತ್ತಾಗಲ್ಲ" ಎಂದು ನಾನು ವಾರವಿಡೀ ರೇಗಿದೆ. ಅವರು ಆ ವಾರವಿಡೀ ಸುಮ್ಮನೆ ಊಟ ಮಾಡಿದರು.

ಇಂಥ ಮನುಷ್ಯ ಕೆಲವು ವರ್ಷಗಳ ಹಿಂದೆ ಇದ್ದಕ್ಕಿದ್ದಂತೆ ಐಎಸ್‌ಒ ಏರಿಸತೊಡಗಿದರು. ಮೊದಲು ನಾನೂರು. ಆಮೇಲೆ ಎಂಟುನೂರು, ಸಾವಿರದ ಆರುನೂರು. ಕಾರ್ಡಿನ ನಡುವೆಯೇ ಗುಂಡಿ ತಿರುಗಿಸುತ್ತಿದ್ದರು. ನನಗಂತೂ ಗೆದ್ದಷ್ಟು ಖುಷಿ.

"ಏನ್ ದೊರೆಗಳೇ, ಒಂದೇ ಕಾರ್ಡಲ್ಲಿ ಮೂರು ನಂಬರು! ಡೆವಲಪ್ ಹೆಂಗ್ ಮಾಡೋಣ?"

"ಕಾಲಕ್ಕೆ ತಕ್ಕ ಕೋಲ ಕಣೇ. ನೀನೇ ಬಡ್ಕೊತಿದ್ಯಲ್ಲ."

ಅವತ್ತೇ ನಂಜನಗೂಡಿಗೆ ಫೋನ್ ಮಾಡಿ ನಮ್ಮಮ್ಮನಿಗೆ, "ನಿನ್ನ ಅಳಿಯಂದಿರು ಕೊನೆಗೂ ನನ್ನ ಮಾತು ಕೇಳಿದರು" ಎಂದೆ. ನಮ್ಮಮ್ಮ, "ಮೈಗೆ ಉಷಾರಿಲ್ವೇನೇ ಅವರಿಗೆ?" ಅಂದಳು. ಇಬ್ಬರೂ ನಕ್ಕು ಫೋನ್ ಇಟ್ಟೆವು.

ಫೋಟೋಗಳು ಬೆಳ್ಳಗೆ ಬರತೊಡಗಿದವು. ಬೆಳಕಿರುವ ಕಡೆಯೂ ಉಳಿದದ್ದನ್ನು ಹಾಗೇ ಬಿಟ್ಟು ಸಂಖ್ಯೆ ಮಾತ್ರ ಏರಿಸಿದರೆ ಆಗುವುದು ಅದೇ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಫೋಟೋ ಚೆನ್ನಾಗಿದೆ ಅನ್ನುವುದಕ್ಕೂ ಬೆಳ್ಳಗೆ ಬಂದಿದೆ ಅನ್ನುವುದಕ್ಕೂ ವ್ಯತ್ಯಾಸ ಮಾಡುವವರು ಕಡಿಮೆ. "ಅಣ್ಣೋ, ನಮ್ಮತ್ತೇನೂ ಬೆಳ್ಳಗ್ ಮಾಡ್ಬುಟ್ಟಿದ್ದೀಯಲ್ಲ, ಭೇಷ್ ಕಣಣ್ಣೋ!" ಎಂದು ಒಬ್ಬಾಕೆ ಸ್ಟುಡಿಯೋಗೇ ಬಂದು ಹೊಗಳಿದಳು. ಜೊತೆಗೆ ಬಿದ್ದ ರವೆಯನ್ನು ನಾನು ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ತೆಗೆಯುತ್ತಿದ್ದೆ. ಹಾಗೆ ಉಜ್ಜಿದರೆ ಮುಖದ ಸುಕ್ಕೂ ಹೋಗುತ್ತದೆ. ಅದಕ್ಕೂ ಹೊಗಳಿಕೆ ಬಂತು. ಹಿಂದೆಂದೂ ಬರದಷ್ಟು ಮದುವೆಗಳು ಆ ಸಲ ನಮ್ಮನ್ನು ಹುಡುಕಿಕೊಂಡು ಬಂದವು. ತಪ್ಪಿಗೆ ಇಷ್ಟು ಒಳ್ಳೆಯ ಹೆಸರು ಬರುವಾಗ ಅದು ತಪ್ಪು ಅಂತ ಯಾರಿಗೆ ಹೊಳೆಯಬೇಕು? ನನಗೂ ಹೊಳೆಯಲಿಲ್ಲ.

ಹೊಳೆದದ್ದು ಹೆಮ್ಮರಗಾಲ ಎಂಬ ಹಳ್ಳಿಯ ಮದುವೆಮನೆಯಲ್ಲಿ. ಹಳೆಯ ಕಾಲದ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಹೆಂಚಿನ ಪಡಸಾಲೆ. ಹೆಣ್ಣಿಗೆ ಅರಿಶಿನ ಹಚ್ಚುವ ಶಾಸ್ತ್ರ. ಹೊತ್ತು ನೆತ್ತಿಗೆ ಬರುತ್ತಿತ್ತು, ಬಿಸಿಲು ನೇರವಾಗಿ ತೊಟ್ಟಿಯೊಳಗೆ ಬಿದ್ದು ಹಸೆಮಣೆಯ ಮೇಲೆ ಕೂತ ಹುಡುಗಿ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಯಾರೋ ನನ್ನ ಕೈಗೂ ಅರಿಶಿನದ ಬಟ್ಟಲು ಕೊಟ್ಟಿದ್ದರು. ನಾನು ಪಡಸಾಲೆಯ ಕಂಬದ ಹಿಂದೆ, ನೆರಳಿನಲ್ಲಿ ನಿಂತು ತೊಟ್ಟಿಯ ಬಿಸಿಲಲ್ಲಿದ್ದ ಹೆಂಗಸರೊಂದಿಗೆ ಮಾತಾಡುತ್ತಿದ್ದೆ. ಇವರು ಕ್ಯಾಮೆರಾ ಕಣ್ಣಿಗೆ ಹಿಡಿದು ಕೆಳಗಿಳಿಸಿದರು. ಮತ್ತೆ ಹಿಡಿದರು.

"ಲೈಟ್ ಸಾಲ್ದು ಕಣ್ರವ್ವಾ. ಯಾರಾದ್ರೂ ಆ ಬಾಗ್ಲು ಪೂರಾ ತಗೀರಿ" ಅಂದರು.

ಹೆಂಗಸರು ಗೊಳ್ಳೆಂದರು. "ಅಣ್ಣೋ, ಸೂರ್ಯಪ್ಪನೇ ನೆತ್ತಿ ಮೇಲವ್ನೆ, ಇನ್ನೆಲ್ಲಿಂದ ತರಾವ ಬೆಳಕ?" ಅಂದಳು ಒಬ್ಬಳು. ಇನ್ನೊಬ್ಬಳು, "ಎಣ್ಣಿನ್ ಮಕ ನೋಡಿ ಕಣ್ಣು ಕತ್ಲೆ ಬಂದದೆ ಅಣ್ಣುಂಗೆ" ಅಂದಳು. ನಾನೂ ನಕ್ಕೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಇವರೂ ನಕ್ಕರು, ನಗುತ್ತಲೇ ಗುಂಡಿ ತಿರುಗಿಸಿ ನಾಲ್ಕಾರು ಫೋಟೋ ಹೊಡೆದರು.

ಎಲೆ ಹಾಕಿದಾಗ ಇವರು ಊಟಕ್ಕೆ ಕೂತರು. ಕ್ಯಾಮೆರಾ ನನ್ನ ಮಡಿಲಲ್ಲಿತ್ತು. ನೋಡಿದರೆ ಐಎಸ್‌ಒ ಮೂರು ಸಾವಿರದ ಇನ್ನೂರು. ನಡುಹಗಲು, ಬಯಲ ಬಿಸಿಲಿನಲ್ಲಿ. ಫೋಟೋದಲ್ಲಿ ಹೆಣ್ಣಿದ್ದ ಜಾಗ ಸುಣ್ಣ ಬಳಿದ ಗೋಡೆಯಂತಿತ್ತು. ಮೂಗಿಲ್ಲ, ಕಣ್ಣಿಲ್ಲ, ಅರಿಶಿನವೂ ಇಲ್ಲ. ನನಗೆ ಹೆದರಿಕೆಯಾಯಿತು. ಇದು ಹಟದ ಮಾತಲ್ಲ, ನನ್ನ ಮಾತು ಕೇಳಿದ್ದೂ ಅಲ್ಲ. ಈ ಮನುಷ್ಯನಿಗೆ ಲೋಕ ನಿಜವಾಗಿಯೂ ಮಬ್ಬಾಗಿ ಕಾಣುತ್ತಿತ್ತು, ಮಬ್ಬಾದದ್ದು ಲೋಕವೇ ಎಂದು ಅವರು ನಂಬಿದ್ದರು. ಇಲ್ಲವೇ ನಂಬಿದಂತೆ ನಡೆದುಕೊಳ್ಳುತ್ತಿದ್ದರು.

ಹುಡುಗಿಯನ್ನು ಇನ್ನೊಂದು ಸಲ ಕೂರಿಸಿ, ಬಳೆ ಕಾಣಿಸಲಿ ಎಂದು ಏನೋ ನೆಪ ಹೇಳಿ, ನನ್ನ ಸಣ್ಣ ಕ್ಯಾಮೆರಾದಲ್ಲಿ ಬೇಕಾದ ಫೋಟೋ ತೆಗೆದುಕೊಂಡೆ. ಆಲ್ಬಮ್ಮಿಗೆ ಹೋದದ್ದು ಅವು.

ಆಮೇಲೆ ಒಂದೊಂದಾಗಿ ನೆನಪಾದವು. ಸಂಜೆಯಾದರೆ ಸ್ಕೂಟರ್ ಬ್ರೇಕ್ ಸರಿಯಿಲ್ಲ, ಬಸ್ಸಲ್ಲಿ ಹೋಗೋಣ ಅನ್ನುತ್ತಿದ್ದರು. ಬ್ರೇಕ್ ಸರಿಯಾಗಿಯೇ ಇತ್ತು. ನೀಲಿ ಸೀರೆಯನ್ನು ಹಸಿರು ಅಂದಿದ್ದರು. ಲೆನ್ಸಿಗೆ ಬೂಷ್ಟು ಹಿಡಿದಿದೆ ಎಂದು ಮೈಸೂರಿಗೆ ಒಯ್ದು ಶುಚಿ ಮಾಡಿಸಿಕೊಂಡು ಬಂದಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಗ ನಾನು ಆಡಿಕೊಂಡಿದ್ದೆ.

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅನ್ನುವುದು ಸುಲಭದ ಮಾತಲ್ಲ, ಅದು ನನಗೆ ಗೊತ್ತಿತ್ತು. ನಮ್ಮ ಮಾವನವರಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಅವರು ಪಟ್ಟಿ ಬಿಚ್ಚುವುದಕ್ಕೆ ಮೊದಲೇ ಗದ್ದೆಗೆ ನೀರು ಕಟ್ಟಲು ಹೋಗಿ, ಕೆಸರು ಸಿಡಿದು, ಕೀವಾಗಿ ಆ ಕಣ್ಣೇ ಹೋಯಿತು. ಪೊರೆ ಬಂದ ಇನ್ನೊಂದು ಕಣ್ಣನ್ನು ಡಾಕ್ಟರಿಗೆ ತೋರಿಸಲು ಒಪ್ಪದೆ ಕೊನೆಯವರೆಗೂ ಗೋಡೆ ಸವರಿಕೊಂಡು ಓಡಾಡಿದರು. ಅದನ್ನು ನೋಡಿ ಬೆಳೆದ ಇವರು ಕಣ್ಣು ಅನ್ನುವ ಮಾತು ತೆಗೆದರೆ ಎಲೆ ಮುಂದಿನಿಂದ ಎದ್ದುಬಿಡುತ್ತಿದ್ದರು. ಇನ್ನು ಕ್ಯಾಮೆರಾ ಬಿಡಿ ಅನ್ನಲೂ ಆಗದು. ಗದ್ದೆ ಬಿಟ್ಟು ಪೆಟ್ಟಿಗೆ ಹಿಡ್ಕೊಂಡ ಎಂದು ಅಣ್ಣಂದಿರು ನಗಾಡಿದ ಮನೆಯಲ್ಲಿ ಆ ಪೆಟ್ಟಿಗೆಯಿಂದಲೇ ತಲೆಯೆತ್ತಿ ನಡೆದವರು. ಅದನ್ನು ಕೆಳಗಿಟ್ಟರೆ ಅವರು ಮತ್ತೆ ಎದ್ದು ನಿಲ್ಲುವುದಿಲ್ಲ ಎಂಬ ಭಯ ನನ್ನದು.

ಅದಕ್ಕೇ ಒಂದು ಉಪಾಯ ಮಾಡಿದೆ. ಕ್ಯಾಮೆರಾದ ಮೆನುವಿನಲ್ಲಿ ಐಎಸ್‌ಒವನ್ನು ಆಟೋಗೆ ಹಾಕಿ, ಸಾವಿರದ ಆರುನೂರಕ್ಕಿಂತ ಮೇಲೆ ಹೋಗಕೂಡದು ಎಂದು ಗಡಿ ಕಟ್ಟಿದೆ. ಎಷ್ಟು ಬೇಕೋ ಅದನ್ನು ಕ್ಯಾಮೆರಾವೇ ನೋಡಿಕೊಳ್ಳುತ್ತದೆ. ಆದರೆ ತೆಗೆದ ಫೋಟೋ ಹಿಂದಿನ ಪರದೆಯಲ್ಲಿ ಇವರಿಗೆ ಕಪ್ಪಾಗಿ ಕಂಡರೆ ಮತ್ತೆ ಆಟೋ ಕಿತ್ತುಹಾಕಿ ಏರಿಸುತ್ತಾರಲ್ಲ? ಅದಕ್ಕೆ ಪರದೆಯ ಬೆಳಕನ್ನೇ ಪೂರ್ತಿ ಏರಿಸಿಟ್ಟೆ. ಫೋಟೋ ಸರಿಯಾಗಿರುತ್ತಿತ್ತು, ಪರದೆ ಮಾತ್ರ ಝಗಝಗ ಹೊಳೆಯುತ್ತಿತ್ತು. ಆಟೋ ಹಾಕಿದ್ದೀನಿ, ಈಗ ಎಲ್ಲರೂ ಹಂಗೇ ಮಾಡೋದು ಎಂದು ಹೇಳಿದೆ. ಇವರು ತಲೆಯಾಡಿಸಿದರು. ಎರಡು ಮದುವೆ ಕಳೆದ ಮೇಲೆ, "ಈಗ ಕ್ಯಾಮೆರಾ ದಾರಿಗ್ ಬಂತು" ಅಂದರು. ಔಷಧಿ ಬೀಳಬೇಕಾದದ್ದು ಕಣ್ಣಿಗೆ, ನಾನು ಪರದೆಗೆ ಹಾಕುತ್ತಿದ್ದೆ. ಅದು ಗೊತ್ತಿದ್ದೂ ತಿಂಗಳುಗಟ್ಟಲೆ ಹಾಗೇ ನಡೆಸಿದೆ. ಅಷ್ಟರೊಳಗೆ ಏನಾದರೂ ಆಗುತ್ತದೆ ಎಂದುಕೊಂಡಿದ್ದೆ, ಏನು ಆಗುತ್ತದೆ ಎಂದು ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ.

ನಂಜನಗೂಡಿನಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಬರುತ್ತಿದ್ದೆವು. ತಿ. ನರಸೀಪುರದಲ್ಲಿ ಇಳಿದು ಬನ್ನೂರಿನ ಬಸ್ ಹಿಡಿಯಬೇಕು. ಮಧ್ಯಾಹ್ನದ ಹೊತ್ತು. ಇವರನ್ನು ಬ್ಯಾಗಿನ ಜೊತೆ ಬಸ್ ನಿಲ್ಲುವ ಜಾಗದಲ್ಲೇ ನಿಲ್ಲಿಸಿ ನಾನು ಸೌತೆಕಾಯಿ ಕೊಳ್ಳಲು ಹೋದೆ. ಉಪ್ಪುಕಾರ ಹಾಕಿಸಿಕೊಂಡು ತಿರುಗುವಷ್ಟರಲ್ಲಿ ಬನ್ನೂರಿನ ಬಸ್ ಬಂದು, ಇವರ ಮೂಗಿನ ಮುಂದೆಯೇ ನಿಂತು, ಜನ ಹತ್ತಿಸಿಕೊಂಡು ಹೊರಟೇಹೋಯಿತು. ಇವರು ಬ್ಯಾಗು ಹಿಡಿದು ಅದನ್ನೇ ನೋಡುತ್ತ ನಿಂತಿದ್ದರು.

"ನಮ್ಮ ಬಸ್ಸಲ್ವೇನ್ರೀ ಅದು! ಕೂಗಬಾರದಿತ್ತಾ?"

"ಬೋರ್ಡ್ ಕಾಣ್ಲಿಲ್ಲ" ಅಂದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ಮನುಷ್ಯ ಅಷ್ಟು ನೇರವಾಗಿ ಹೇಳಿದ್ದು ಅದೇ ಮೊದಲು. ಸೌತೆಕಾಯಿ ಕೈಗಿಟ್ಟೆ. ಕಲ್ಲುಬೆಂಚಿನ ಮೇಲೆ ಕೂತೆವು.

"ಪರದೆ ಬೆಳಕು ಏರ್ಸಿರೋದು ನೀನೇ ಅಂತ ಗೊತ್ತು ನಂಗೆ" ಅಂದರು. "ಬ್ಯಾಟ್ರಿ ಬಿರ್ರನೆ ಕಾಲಿ ಆಯ್ತಿತ್ತು. ಯಾಕಪ್ಪಾ ಅಂತ ಮೆನು ಒಳಗೆ ನೋಡ್ದೆ."

"ನೋಡಿದವರು ಕಮ್ಮಿ ಮಾಡಬೇಕಿತ್ತು."

"ಕಮ್ಮಿ ಮಾಡುದ್ರೆ ಏನೂ ಕಾಣಾಕಿಲ್ಲ ಕಣೇ."

ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಅಷ್ಟು ಮದುವೆ ತಿರುಗಿದ್ದೆವು. ಅವರು ಸೌತೆಕಾಯಿಯನ್ನು ಕಚ್ಚದೆ ಕೈಯಲ್ಲೇ ಹಿಡಿದಿದ್ದರು.

"ಅಪ್ಪಂದು ಓಯ್ತು. ನಂದೂ ಅಂಗೇ ಓಗ್ಬುಟ್ರೆ? ಈಗ ಮಂಜು ಮಂಜಾಗಾದ್ರೂ ಕಾಣ್ತದೆ. ಇರೋದ್ನೂ ಕಳ್ಕೊಂಡು ಕೂರಾದಾ?"

"ಮಾವನವರು ಪಟ್ಟಿ ಕಟ್ಟಿಕೊಂಡೇ ಗದ್ದೆಗೆ ನೀರು ಕಟ್ಟೋಕೆ ಹೋದರು. ನಿಮಗೆಲ್ಲಿದೆ ಗದ್ದೆ? ನಿಮ್ಮ ಪಾಲಿಂದೂ ನಿಮ್ಮಣ್ಣನೇ ಉಳ್ತಾ ಇದ್ದಾರಲ್ಲ."

ಒಂದು ಕ್ಷಣ ನನ್ನ ಮುಖ ನೋಡಿದರು. ಎಷ್ಟು ಕಂಡಿತೋ ಏನೋ. ಆಮೇಲೆ ನಕ್ಕರು. ಮುಂದಿನ ಬಸ್ ಬಂದಾಗ ಬೋರ್ಡನ್ನು ನಾನೇ ಜೋರಾಗಿ ಓದಿದೆ, ಅವರು ಸುಮ್ಮನೆ ಹತ್ತಿದರು.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪೊರೆ ಬಲಿತಿದೆ ಅಂದರು. ಇಷ್ಟು ದಿನ ಹೇಗೆ ಕೆಲಸ ಮಾಡಿದಿರಿ ಎಂದು ಡಾಕ್ಟರಮ್ಮ ಕೇಳಿದಾಗ ಇವರು ನನ್ನ ಕಡೆ ತಿರುಗಿದರು. ಒಂದೊಂದೇ ಕಣ್ಣು ಮಾಡುವುದೆಂದಾಯಿತು. ಒಳಗೆ ಕರೆದುಕೊಂಡು ಹೋದಾಗ ಹೊರಗಿನ ಬೆಂಚಿನ ಮೇಲೆ ಕೂತು ನಂಜುಂಡೇಶ್ವರನಿಗೆ ಉರುಳುಸೇವೆಯ ಹರಕೆ ಹೊತ್ತುಬಿಟ್ಟೆ. ಹರಕೆ ಹೊರುವವಳಲ್ಲ ನಾನು. ಆ ಹೊತ್ತಿಗೆ ಬೇರೇನೂ ಮಾಡಲು ಇರಲಿಲ್ಲ. ಆಮೇಲೆ ನಮ್ಮಮ್ಮ ಬಿಡದೆ ನನ್ನ ಕೈಲಿ ಅದನ್ನು ಮಾಡಿಸಿದಳು, ಮೊಣಕೈ ತರಚಿಕೊಂಡು ಬಂದೆ.

ಇವರು ಪಥ್ಯ ಮಾಡಿದ್ದು ನೋಡಬೇಕಿತ್ತು. ಗದ್ದೆಯ ಕಡೆಗಿರಲಿ, ಬಚ್ಚಲ ಕಡೆಗೂ ನನ್ನನ್ನು ಕೇಳಿ ಹೋಗುತ್ತಿದ್ದರು. ತಲೆಗೆ ನೀರು ಹಾಕಿಕೊಳ್ಳಲಿಲ್ಲ, ಒಲೆ ಹೊಗೆಯ ಹತ್ತಿರ ಸುಳಿಯಲಿಲ್ಲ. ಎರಡನೆಯ ಕಣ್ಣೂ ಮುಗಿದು ಕಪ್ಪು ಕನ್ನಡಕ ತೆಗೆದ ದಿನ ನಡುಮನೆಯಲ್ಲಿ ನಿಂತು, "ಗ್ವಾಡೆಗೆ ಯಾವಾಗ ನೀಲಿ ಒಡುಸ್ದೆ?" ಎಂದು ಕೇಳಿದರು. ಆ ಗೋಡೆ ಮೊದಲಿನಿಂದಲೂ ನೀಲಿಯೇ. ಅದಾದ ಮೇಲೆ ಮೂಲೆಯ ಜೇಡರ ಬಲೆ ಕಂಡಿತು, ಪಾತ್ರೆಯ ತಳದ ಮಸಿ ಕಂಡಿತು, ನನ್ನ ಬೈತಲೆಯ ನರೆಯೂ ಕಂಡಿತು. ನನಗೆ ಅಷ್ಟೆಲ್ಲ ಕಾಣಿಸುವುದು ಬೇಕಿರಲಿಲ್ಲ.

ಸ್ಟುಡಿಯೋಗೆ ಮತ್ತೆ ಬಂದ ಮೊದಲ ದಿನ ಕ್ಯಾಮೆರಾ ಮುಟ್ಟದೆ ಕಂಪ್ಯೂಟರ್ ಮುಂದೆ ಕೂತರು. ಹಿಂದಿನದನ್ನೆಲ್ಲ ಒಂದು ಸಲ ನೋಡಬೇಕು ಅಂದರು. ನಾನು ಹಿಂದಿನ ಮೇಜಿನಲ್ಲಿ ಫೋಟೋ ಕತ್ತರಿಸುತ್ತ ಕುಳಿತಿದ್ದೆ, ಕೈ ಮಾತ್ರ ಕತ್ತರಿಸುತ್ತಿತ್ತು. ಮೌಸಿನ ಸದ್ದು ಕೇಳುತ್ತಿತ್ತು. ತುಂಬಾ ಹೊತ್ತು ನಡೆದು ಒಂದು ಕಡೆ ನಿಂತಿತು.

"ಇದ್ಯಾರು ತಗ್ದಿದ್ದು?"

ಕತ್ತೆತ್ತಿದೆ. ಹೆಮ್ಮರಗಾಲದ ತೊಟ್ಟಿ. ಹಸೆಮಣೆಯ ಮೇಲೆ ಬರೀ ಬಿಳುಪು. ಮೊದಲ ದಿನವೇ ಇದು ಅವರ ಕಣ್ಣಿಗೆ ಬೀಳುವುದು ನನಗೆ ಬೇಡವಾಗಿತ್ತು.

"ನಾನು" ಅಂದೆ. "ನೀವು ಊಟಕ್ಕೆ ಕೂತಿದ್ರಲ್ಲ, ಆಗ. ನಂಬರ್ ನೋಡದೆ ಒತ್ತಿಬಿಟ್ಟೆ."

ಅವರು ಫೋಟೋವನ್ನು ದೊಡ್ಡದು ಮಾಡಿದರು. ಹೆಣ್ಣಿದ್ದ ಕಡೆ ಹೋಗಲಿಲ್ಲ. ಬಲಗಡೆಗೆ ಸರಿಸಿ, ಪಡಸಾಲೆಯ ಕತ್ತಲೆಗೆ ಹೋಗಿ, ಕಂಬದ ಹಿಂದೆ ನಿಲ್ಲಿಸಿದರು. ಅಲ್ಲಿ ನಾನಿದ್ದೆ. ಕೈಯಲ್ಲಿ ಅರಿಶಿನದ ಬಟ್ಟಲು ಹಿಡಿದು, ಬಾಯಿ ತುಂಬ ನಗುತ್ತಿದ್ದೆ. ಕ್ಯಾಮೆರಾ ಹಿಡಿದವರನ್ನು ನೋಡಿಯೇ ನಗುತ್ತಿದ್ದೆ. ಅವತ್ತಿನ ಆ ಸಂಖ್ಯೆ ಬಿಸಿಲಿನಲ್ಲಿದ್ದುದನ್ನೆಲ್ಲ ಸುಟ್ಟುಹಾಕಿತ್ತು, ನೆರಳಿಗೆ ಮಾತ್ರ ಹದವಾಗಿತ್ತು. ಮೂಗುಬೊಟ್ಟು, ಕೊರಳಿನ ಕರಿಮಣಿ, ಬೆರಳಿಗಂಟಿದ ಅರಿಶಿನ ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿತ್ತು. ಇಡೀ ಫೋಟೋದಲ್ಲಿ ಸರಿಯಾಗಿ ಬಂದಿದ್ದವಳು ನಾನೊಬ್ಬಳೇ.

ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಅವರು ಹಿಂದೆ ತಿರುಗಲಿಲ್ಲ, ಪರದೆಯ ಮೇಲಿನ ನನ್ನ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗ್ ತಗ್ದಿದ್ದೀಯ" ಅಂದರು. "ಇದೊಂದ ಅಳುಸ್ಬ್ಯಾಡ."